ರೂವಾರಿಯ ಕೈಕೆಳಗೆ: ಸೋಮನಾಥಪುರದಲ್ಲಿ ಕೆಲಸದ ಹಂಚಿಕೆ ಮತ್ತು ಮುಂದಾಳುಗಳ ತಯಾರಿ

ಸೋಮನಾಥಪುರದ ಕೇಶವ ದೇವಾಲಯದ ಹೊರಗೋಡೆಯಲ್ಲಿ 194 ದೊಡ್ಡ ವಿಗ್ರಹಗಳಿವೆ ಎಂದು ಎಣಿಸಿ ಬರೆದವರು ಆರ್. ನರಸಿಂಹಾಚಾರ್. 1917ರಲ್ಲಿ ಪ್ರಕಟವಾದ ಅವರ ಕಿರುಹೊತ್ತಗೆಯಲ್ಲಿ ಪೀಠಗಳ ಮೇಲಿನ ಶಿಲ್ಪಿಗಳ ಹೆಸರುಗಳೂ ದಾಖಲಾದವು. ಸುಮಾರು 40 ವಿಗ್ರಹ ಮಲ್ಲಿತಮ್ಮನವು. ಮಸಣಿತಮ್ಮ, ಚಾಮೆಯ, ರಾಮೆಯ, ಚೌಡೆಯ, ನಂಜೆಯ ಅವನ ಜೊತೆಗಾರರು. ಈ ಹೆಸರುಗಳು ಕಲಾವಿದರ ಅಭಿಮಾನದ ಗುರುತು ಎಂದು ಓದುವುದು ರೂಢಿ. ಕೆಲಸದ ಲೆಕ್ಕವಾಗಿಯೂ ಇವನ್ನು ಓದಬಹುದು ಎಂಬುದು ಈ ಲೇಖನದ ವಾದ.

ಬೇಲೂರಿನ ಶಿಲ್ಪಿಗಳು ಊರು, ತಂದೆಯ ಹೆಸರು, ಬಿರುದು ಎಲ್ಲವನ್ನೂ ಕೊರೆದುಕೊಂಡವರು. ಸೋಮನಾಥಪುರಕ್ಕೆ ಬರುವಷ್ಟರಲ್ಲಿ ಆ ಆಡಂಬರ ಕಾಣುವುದಿಲ್ಲ. ಮಲ್ಲಿತಮ್ಮ ಕೆಲವೆಡೆ ಬರೀ ‘ಮಲ್ಲಿ’, ಇನ್ನು ಕೆಲವೆಡೆ ‘ಮ’ ಅಷ್ಟೇ. ಹೊಗಳಿಕೆ ಬೇಕಾದವನು ಒಂದೇ ಅಕ್ಷರಕ್ಕೆ ನಿಲ್ಲುವುದಿಲ್ಲ. ಯಾವ ಕಲ್ಲು ಯಾರ ಪಾಲಿನದು ಎಂದು ತಿಳಿಯಬೇಕಾದವನಿಗೆ ಅಷ್ಟು ಸಾಕು.

ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಅಗ್ರಹಾರ ಕಟ್ಟಿ, 1258ರಲ್ಲಿ (ಕೆಲವರ ಎಣಿಕೆಯಲ್ಲಿ 1268ರಲ್ಲಿ) ಈ ದೇವಾಲಯದ ಪ್ರತಿಷ್ಠೆ ಮಾಡಿಸಿದ. ಮೂರು ಗರ್ಭಗುಡಿ, ನಕ್ಷತ್ರಾಕಾರದ ಮೂರು ವಿಮಾನ. ಇಷ್ಟನ್ನು ಒಬ್ಬೊಬ್ಬರಿಗೂ ದಿನವೂ ಹೇಳಿಕೊಡುತ್ತಾ ಕೂತರೆ ಕೆಲಸ ಮುಗಿಯದು. ಹಾಗಾದರೆ ಕೆಲಸ ಸಾಗಿದ್ದು ಹೇಗೆ? ಗೋಡೆಯ ಬುಡದಲ್ಲೇ ಇದಕ್ಕೆ ಉತ್ತರವಿದೆ. ಕೆಳಗಿನಿಂದ ಆನೆ, ಕುದುರೆ ಸವಾರರು, ಬಳ್ಳಿ, ಪುರಾಣಕಥೆ, ಮಕರ, ಹಂಸ ಎಂದು ಆರು ಪಟ್ಟಿಕೆಗಳು. ಸಾಲು, ಎತ್ತರ ಎರಡೂ ಗೊತ್ತಾಗಿದ್ದುದರಿಂದ ಆನೆ ಕೊರೆಯುವವನು ಪ್ರತಿ ಆನೆಗೂ ಅಪ್ಪಣೆ ಕೇಳಬೇಕಿರಲಿಲ್ಲ. ನಾಲ್ಕನೆಯ ಪಟ್ಟಿಕೆಯ ಮಾತು ಬೇರೆ. ದಕ್ಷಿಣದಲ್ಲಿ ರಾಮಾಯಣ, ಹಿಂಬದಿಯಲ್ಲಿ ಕೃಷ್ಣನ ಕಥೆ, ಉತ್ತರದಲ್ಲಿ ಮಹಾಭಾರತ ಪ್ರದಕ್ಷಿಣೆಯ ಕ್ರಮದಲ್ಲೇ ಬರಬೇಕು. ಇಲ್ಲಿ ಕಥೆ ಬಲ್ಲವನೊಬ್ಬ ಕೈಗಳ ನಡುವೆ ಓಡಾಡಲೇಬೇಕಾಗಿತ್ತು.

ಅಂಥವನು ತಯಾರಾಗುತ್ತಿದ್ದುದು ಎಲ್ಲಿ? ಇಂದು ಮುಂದಾಳುತನದ ತರಬೇತಿ ಎಂದರೆ ನಮಗೆ ತರಗತಿಯೇ ನೆನಪಾಗುತ್ತದೆ. ಆಗ ಕಟ್ಟಡದ ಕೆಲಸವೇ ತರಬೇತಿಯಾಗಿತ್ತು. ಮಲ್ಲಿತಮ್ಮನ ಹೆಸರು ಮೊದಲು ಸಿಗುವುದು 1196ರ ಅಮೃತಾಪುರದಲ್ಲಿ. ಅವನೇ ಸೋಮನಾಥಪುರದವನೂ ಆಗಿದ್ದರೆ ಅರವತ್ತು ವರ್ಷ ದಾಟಿದ ವೃತ್ತಿ. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ, ಹೆಸರು ಒಂದೇ ಇದ್ದ ಇಬ್ಬರಿರಬಹುದು. ಹೆಚ್ಚು ತೂಕದ ಸಾಕ್ಷ್ಯ 1246ರ ನುಗ್ಗೇಹಳ್ಳಿಯದು. ಅಲ್ಲಿನ ದೇವಾಲಯದ ದಕ್ಷಿಣದ ಗೋಡೆ ಬಹುಪಾಲು ಬೈಚೋಜನೆಂಬ ಶಿಲ್ಪಿಯದು, ಉತ್ತರದ್ದು ಮಲ್ಲಿತಮ್ಮನದು. ಬೈಚೋಜನ ವಿಗ್ರಹಗಳಲ್ಲಿ ನಯ ಹೆಚ್ಚು, ಮಲ್ಲಿತಮ್ಮನವುಗಳಲ್ಲಿ ಚುರುಕು ಹೆಚ್ಚು. ಸರಿಸಮಾನನೊಬ್ಬನ ಜೊತೆ ಒಂದೇ ಕಟ್ಟಡವನ್ನು ಪಾಲು ಮಾಡಿಕೊಂಡ ಅನುಭವ ಅದು. ಸುಮಾರು ಹನ್ನೆರಡು ವರ್ಷಗಳ ಮೇಲೆ ಸೋಮನಾಥಪುರದಲ್ಲಿ ಹಲವರ ನಡುವೆ ಐದರಲ್ಲೊಂದು ಪಾಲನ್ನು ತಾನೇ ಹೊತ್ತ. ಮೇಲ್ವಿಚಾರಣೆ ಅವನದೇ ಆಗಿದ್ದರೆ, ಉಳಿ ಕೆಳಗಿಡದೆಯೇ ಅದನ್ನು ನಡೆಸಿದ್ದಾನೆ.

ಈ ತರಬೇತಿಗೆ ಒಂದರ ಹಿಂದೊಂದು ಕಟ್ಟಡ ಬೇಕಿತ್ತು. 1311ರಲ್ಲಿ ಮಲಿಕ್ ಕಾಫೂರನ ದಾಳಿ ಹೊಯ್ಸಳರ ರಾಜಧಾನಿ ದ್ವಾರಸಮುದ್ರಕ್ಕೆ ಬಡಿಯಿತು. ಹದಿನಾಲ್ಕನೆಯ ಶತಮಾನದ ನಡುವೆ ಹೊಯ್ಸಳರ ಆಳ್ವಿಕೆಯೇ ಮುಗಿಯಿತು. ಮುಂದೆ ವಿಜಯನಗರದವರು ಹೆಚ್ಚಾಗಿ ಹಿಡಿದದ್ದು ಕಣಶಿಲೆಯನ್ನು. ಹೊಯ್ಸಳರ ಬಳಪದ ಕಲ್ಲಿನಲ್ಲಿ ಪಳಗಿದ ಕೈಗೆ ಅದರಲ್ಲಿ ಅಂಥ ಕುಸುರಿ ಬಿಡಿಸುವುದು ಸುಲಭವಿರಲಿಲ್ಲ.