ದ್ವೀಪದ ರೇಡಿಯೊದಿಂದ ಕಚೇರಿಯ ತಂತಿಗೆ

ಹವಾಯಿ ವಿಶ್ವವಿದ್ಯಾಲಯದ ಕೇಂದ್ರಗಳು ಬೇರೆಬೇರೆ ದ್ವೀಪಗಳಲ್ಲಿ ಹರಡಿದ್ದವು. ಟೆಲಿಫೋನ್ ತಂತಿ ದುಬಾರಿ, ನೆಚ್ಚಿಕೊಳ್ಳುವಂತೆಯೂ ಇರಲಿಲ್ಲ. 1971ರಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ರೇಡಿಯೊ ಅಲೆಗಳಲ್ಲೇ ಕಂಪ್ಯೂಟರ್ ಜಾಲ ಕಟ್ಟಿದರು. ಅದೇ ಅಲೋಹಾನೆಟ್.

ಅದರ ನಿಯಮ ದಿಟ್ಟವಾಗಿತ್ತು. ಸರದಿ ಕಾಯುವ ಕಟ್ಟಳೆಯೇ ಇಲ್ಲ. ಸಂದೇಶ ಸಿದ್ಧವಾದೊಡನೆ ಕಳಿಸುವುದು. ಇನ್ನೊಂದಕ್ಕೆ ಡಿಕ್ಕಿ ಹೊಡೆದು ಕೆಟ್ಟರೆ ತಲುಪಿದ ಸೂಚನೆ ಬರುವುದಿಲ್ಲ. ಆಗ ಯಾದೃಚ್ಛಿಕವಾಗಿ ಆರಿಸಿದಷ್ಟು ಹೊತ್ತು ಬಿಟ್ಟು ಮತ್ತೆ ಕಳಿಸುವುದು. ಈ ಸರಳತೆಗೆ ಬೆಲೆ ತೆರಬೇಕಿತ್ತು: ಅಬ್ರಾಮ್ಸನ್ ಲೆಕ್ಕದಂತೆ ವಾಹಿನಿಯ ಸಾಮರ್ಥ್ಯದಲ್ಲಿ ಹೆಚ್ಚೆಂದರೆ ಶೇ 18ರಷ್ಟೇ ಬಳಕೆಗೆ ದಕ್ಕುತ್ತಿತ್ತು.

ಈ ಲೆಕ್ಕ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದ ಬಾಬ್ ಮೆಟ್‌ಕಾಫ್ ಅವರನ್ನು ಹಿಡಿದು ನಿಲ್ಲಿಸಿತು. ಹಾರ್ವರ್ಡ್ ಒಮ್ಮೆ ತಿರಸ್ಕರಿಸಿದ್ದ ಅವರ ಪಿಎಚ್.ಡಿ. ಪ್ರಬಂಧ ಸ್ವೀಕಾರವಾದದ್ದು ಅಲೋಹಾದ ವಿಶ್ಲೇಷಣೆ ಸೇರಿದ ಬಳಿಕ. 1973ರಲ್ಲಿ ಅವರು, ಡೇವಿಡ್ ಬಾಗ್ಸ್ ಜೊತೆಗೂಡಿ, ಆ ನಿಯಮವನ್ನು ತಂತಿಗೆ ತಂದರು: ಕಳಿಸುವ ಮುನ್ನ ತಂತಿ ಬಿಡುವಾಗಿದೆಯೇ ಎಂದು ಆಲಿಸುವುದು, ಡಿಕ್ಕಿಯಾದರೆ ಒಡನೆ ನಿಲ್ಲಿಸುವುದು. ಈಥರ್‌ನೆಟ್ ಹುಟ್ಟಿದ್ದು ಹೀಗೆ.

1980ರಲ್ಲಿ ಡಿಜಿಟಲ್ ಈಕ್ವಿಪ್‌ಮೆಂಟ್, ಇಂಟೆಲ್, ಜೆರಾಕ್ಸ್ ಕೂಡಿ ಸೆಕೆಂಡಿಗೆ 1 ಕೋಟಿ ಬಿಟ್ ಸಾಗಿಸುವ ಈಥರ್‌ನೆಟ್ಟಿನ ವಿವರಗಳನ್ನು ಬಹಿರಂಗವಾಗಿ ಪ್ರಕಟಿಸಿದವು. ಆವಿಷ್ಕಾರದಷ್ಟೇ ದೊಡ್ಡ ನಿರ್ಧಾರವಿದು. ಯಾವ ಕಂಪನಿ ಬೇಕಾದರೂ ಅದಕ್ಕೆ ಹೊಂದುವ ಯಂತ್ರ ತಯಾರಿಸಬಹುದಾಯಿತು.