ಹೂಳಿನ ಮಂದಗತಿ

ಹಡಗಲಿ ಹಗರಿಬೊಮ್ಮನಹಳ್ಳಿಗಳತ್ತ ಹಿನ್ನೀರನ್ನು ಚಾಚಿರುವ ತುಂಗಭದ್ರಾ ಜಲಾಶಯವು, 1953ರ ಸುಮಾರಿಗೆ 133 ಟಿಎಂಸಿ ನೀರನ್ನು ಧರಿಸಬಲ್ಲುದಾಗಿದ್ದು, 2016ರ ಸಮೀಕ್ಷೆಯ ವೇಳೆಗೆ 105ರ ಆಸುಪಾಸಿಗೆ ಇಳಿದಿತ್ತು. ವರ್ಷಕ್ಕೆ ಅರ್ಧ ಟಿಎಂಸಿಗೂ ಕಡಿಮೆಯಾದ ಈ ನಷ್ಟವನ್ನು ದಡದವರ ಕಣ್ಣು ಕಾಣಲಿಲ್ಲ, ಕಾಣುವುದಾದರೂ ಎಂತು? ಮಳೆ ಚೆನ್ನಾದ ವರ್ಷಗಳಲ್ಲೆಲ್ಲ ನೀರು ಅದೇ 1633 ಅಡಿಯ ಮಟ್ಟವನ್ನು ಮುಟ್ಟುತ್ತಿತ್ತು, ತಳದ ಹೂಳಾದರೋ ಅಗೋಚರ. ಇಂದ್ರಿಯಗಳು ವ್ಯತ್ಯಾಸವನ್ನು ಅದರ ಪರಿಮಾಣದಿಂದಲ್ಲ, ಮೂಲಕ್ಕೆ ಅದರ ಅನುಪಾತದಿಂದ ಗ್ರಹಿಸುವುವೆಂದು ಜರ್ಮನಿಯ ವೇಬರನು 19ನೆಯ ಶತಮಾನದಲ್ಲಿಯೇ ತೋರಿಸಿದ್ದನು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗಲಾದರೋ ನಾಡೆಲ್ಲ ಎಚ್ಚೆತ್ತಿತು. ವಾರದೊಳಗೆ ತಡೆಹಲಗೆಗಳೂ ಕೂತವು.

ನಮ್ಮ ಪೂರ್ವಿಕರು ಕಣ್ಣನ್ನು ಇಷ್ಟು ನಂಬಿದವರಲ್ಲವೆಂದು ತೋರುತ್ತದೆ. ಕೆರೆಯ ಪಾಲನೆಗೆಂದೇ ಕರಮುಕ್ತವಾದ ಕೆರೆಗೊಡಗೆಯ ಭೂಮಿಯನ್ನು ಬಿಟ್ಟು, ಅದನ್ನು ಶಾಸನದಲ್ಲಿ ಕಂಡರಿಸಿ, ಕೆರೆಯ ಆರೈಕೆಯನ್ನು ವರ್ಷಂಪ್ರತಿಯ ಕರ್ತವ್ಯವನ್ನಾಗಿಸಿದ್ದರು. ಹಾನಿ ಕಂಡಮೇಲೆ ಕೈಯಿಕ್ಕುವ ಏರ್ಪಾಡು ಅದಲ್ಲ. ಆದರೆ ಕೆರೆಯ ಹೂಳಿನಂತೆ ತುಂಗಭದ್ರೆಯಷ್ಟು ವಿಶಾಲವಾದ ಜಲಾಶಯದ ಹೂಳನ್ನು ಬಂಡಿಯಲ್ಲಿ ಹೊರುವುದು ಅಸಾಧ್ಯವೇ ಸರಿ. ಕಳೆದ ನೀರಿಗೆ ಪ್ರತಿಯಾಗಿ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯವನ್ನು ಕಟ್ಟುವ ಪ್ರಸ್ತಾವವನ್ನು ಸರ್ಕಾರ ಮುಂದಿಟ್ಟಿದೆ.