ಫ್ರೇಜರ್ ನದಿಯ ಮಹಾಮತ್ಸ್ಯದ ಬೇಟೆ

ಕಯಾಕಿನಲ್ಲಿ ಕುಳಿತು ಸ್ಟರ್ಜನ್ ಎಂಬ ಮಹಾಮತ್ಸ್ಯವನ್ನು ಹಿಡಿಯುವುದು ನೂತನ ವಿನೋದವೆಂದು ಹಲವರು ಎಣಿಸುವರು, ಇದು ಸಮಂಜಸವಲ್ಲ. ಕಯಾಕ್ ಉತ್ತರ ಧ್ರುವಪ್ರಾಂತದ ಇನ್ಯುಯಿಟರ ಚರ್ಮದ ದೋಣಿಯೆಂಬುದೇನೋ ದಿಟ. ಆದರೆ ಕೆನಡಾದ ಫ್ರೇಜರ್ ನದಿಯ ಮೂಲನಿವಾಸಿಗಳು ಮರದ ಕಿರುದೋಣಿಗಳಿಂದಲೇ ಈ ಮೀನನ್ನು ಬೇಟೆಯಾಡುತ್ತಿದ್ದ ಕ್ರಮವನ್ನು ಜಾನ್ ಕೀಸ್ಟ್ ಲಾರ್ಡನು 1866ರ ತನ್ನ ಗ್ರಂಥದಲ್ಲಿ ವರ್ಣಿಸಿರುವನು. ದೋಣಿಯನ್ನು ಪ್ರವಾಹಕ್ಕೆ ಬಿಟ್ಟು, ಮುಂತುದಿಯಲ್ಲಿ ನಿಂತವನು ಅತಿ ನೀಳವಾದ ಈಟಿಯನ್ನು ನದಿಯ ತಳದವರೆಗೆ ಇಳಿಸುವನು. ಅಲ್ಲಿ ಕಣ್ಣಿಗೆ ಕೆಲಸವಿಲ್ಲ. ಮೀನು ತಾಗಿದುದನ್ನು ಕೈಯೇ ಅರಿಯಬೇಕು. ತಿವಿದೊಡನೆ ಮೊನೆಯು ಕಾವಿನಿಂದ ಕಳಚಿ ಹಗ್ಗದೊಡನೆ ಮೀನಿನಲ್ಲಿ ನಿಲ್ಲುವುದು. ಮೀನು ದೋಣಿಯನ್ನೇ ಎಳೆದೆಳೆದು ಬಳಲುವುದು. ಇಂದು ಕಯಾಕನ್ನೇರುವವನು ಮೊದಲು ಕಲಿಯತಕ್ಕದ್ದೂ ಹೀಗೆ ಎಳೆಯಗೊಡುವುದನ್ನೇ. ಭೇದವೊಂದುಂಟು. 1890ರ ದಶಕದ ವ್ಯಾಪಾರದ ಬೇಟೆಯು ಕೆಲವೇ ವರ್ಷಗಳಲ್ಲಿ ಈ ಸಂತತಿಯನ್ನು ಬರಿದುಮಾಡಿತು. 1994ರಿಂದ ಅಲ್ಲಿ ಗಾಳ ಹಾಕುವವರು ಹಿಡಿದ ಸ್ಟರ್ಜನನ್ನು ಮರಳಿ ನೀರಿಗೆ ಬಿಡಲೇಬೇಕು.